ಮೆಟ್ಟಿಲ ಮೇಲಿನ ಹೆಸರು

ನಮ್ಮ ಕನ್ನಡ ಭವನದ ಉದ್ಘಾಟನೆಯ ದಿನ ಅಧ್ಯಕ್ಷ ಬಹಳ ಹೊತ್ತು ಮಾತಾಡಿದ. ಕೌನ್ಸಿಲ್‌ನವರಿಗೆ ಥ್ಯಾಂಕ್ಸ್ ಹೇಳಿದ, ಅಡುಗೆಯವರಿಗೆ ಹೇಳಿದ, ಮೈಕ್ ಸೆಟ್ಟಿನವನಿಗೂ ಹೇಳಿದ. ಉಳಿದದ್ದೆಲ್ಲ 'ನಾನು'. ಜಾಗ ಹುಡುಕಿದ್ದು ನಾನು, ಪರ್ಮಿಷನ್ ತಂದದ್ದು ನಾನು, ಲಂಡನ್ನಿನ ಈ ಕಿಂಗ್ಸ್‌ಬರಿಯಲ್ಲಿ ಕನ್ನಡ ಉಳಿಸಿದ್ದು ನಾನು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ನಾನು, ನಮ್ಮ ಯಜಮಾನರ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಸಭೆಯಲ್ಲಿ ಕೂತ ಮರ್ಯಾದೆಗೆ ನಾನೂ ತಟ್ಟಿದೆ.

ನಮ್ಮವರ ವರ್ಷಾಂತಿಕ ಮುಗಿದು ಆಗ ಕೆಲವೇ ವಾರಗಳಾಗಿದ್ದವು. ಊಟದ ಹೊತ್ತಿನಲ್ಲಿ ಅಧ್ಯಕ್ಷನನ್ನು ಹಿಡಿದು ನಿಲ್ಲಿಸಿ, ಅವರ ಬಗ್ಗೆ ಒಂದು ಮಾತಾದರೂ ಆಡಬಹುದಿತ್ತಲ್ಲ ಎಂದು ಕೇಳಿದೆ. ಅವನು ಕುತ್ತಿಗೆ ವಾರೆ ಮಾಡಿ, ಬಹಳ ನೊಂದವನಂತೆ ಹೇಳಿದ: "ಸಾರ್‌ಗೆ ಹೆಸರಿನ ಆಸೆ ಇರ್ಲಿಲ್ವಲ್ಲ ಮೇಡಂ. ಯಾವಾಗ್ಲೂ ನನ್ನ ಹೆಸರು ಬೇಡ ಅಂತಲೇ ಅಂತಿದ್ರು. ಅವರ ಇಚ್ಛೆ ಮೀರೋದು ಸರಿಯಲ್ಲ ಅನ್ನಿಸ್ತು."

ನನ್ನ ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಇತ್ತು. ಅದನ್ನು ಅವನ ಬಂದ್‌ಗಲಾ ಕೋಟಿನ ಮೇಲೆ ಸುರಿಯಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಬೇಸರವಿದೆ. ಮನೆಗೆ ಬಂದು ಸೀರೆ ಬದಲಿಸುವಾಗಲೇ ತೀರ್ಮಾನ ಮಾಡಿದೆ: ಈ ಮನುಷ್ಯನಿಗೆ ಹೆಸರು ಇಲ್ಲದಂತೆ ಮಾಡುತ್ತೇನೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಆ ಭವನ ಮೊದಲು ನಮ್ಮ ಮನೆಯ ಫ್ರಂಟ್ ರೂಮು. ಮಗಳು ಚಿಕ್ಕವಳಿದ್ದಾಗ ಅವಳಿಗೂ ಅವಳ ಗೆಳತಿಯರಿಗೂ ಅಕ್ಷರ ಕಲಿಸಲು ನಮ್ಮವರು ಶನಿವಾರದ ಪಾಠ ಶುರುಮಾಡಿದರು. ಅವರು ಹೀಥ್ರೂವಿನಲ್ಲಿ ಬ್ಯಾಗೇಜ್ ಬೆಲ್ಟುಗಳ ರಿಪೇರಿ ನೋಡಿಕೊಳ್ಳುವ ಎಂಜಿನಿಯರ್. ವಾರವಿಡೀ ಗ್ರೀಸಿನ ವಾಸನೆ, ಶನಿವಾರ ಮಾತ್ರ ಸೀಮೆಸುಣ್ಣದ ಪುಡಿ. ಮಕ್ಕಳು ಹೆಚ್ಚಾದ ಮೇಲೆ ಒಂದು ಚರ್ಚ್ ಹಾಲನ್ನು ಬಾಡಿಗೆಗೆ ಹಿಡಿದರು. ಹೌನ್ಸ್ಲೋ, ಫೆಲ್ಥಮ್ ಕಡೆಯ ಮಕ್ಕಳನ್ನು ತಾವೇ ಕಾರಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಬಾಗಿಲು ತೆಗೆಯುವವರು ಅವರು, ಕುರ್ಚಿ ಜೋಡಿಸುವವರು ಅವರು, ಕೊನೆಗೆ ಟಾಯ್ಲೆಟ್ ತೊಳೆದು ಬೀಗ ಹಾಕುವವರೂ ಅವರೇ. ಮುಚ್ಚಿಹೋಗಿದ್ದ ಕಾರ್ಪೆಟ್ ಅಂಗಡಿಯೊಂದನ್ನು ನೋಡಿ, ಇದು ನಮ್ಮದಾದೀತು ಎಂದು ಮನೆಮನೆ ತಿರುಗಿ ಜನರನ್ನು ಒಪ್ಪಿಸಿದ್ದೂ ಅವರೇ. ಯಾರಾದರೂ ಸನ್ಮಾನದ ಮಾತೆತ್ತಿದರೆ, "ನನ್ನ ಹೆಸರು ಬೇಡಪ್ಪ, ಮಕ್ಕಳಿಗೊಂದು ವೈಟ್‌ಬೋರ್ಡ್ ಕೊಡ್ಸಿ" ಎಂದು ಜಾರಿಕೊಳ್ಳುತ್ತಿದ್ದರು.

ಅವರು ಹಾಸಿಗೆ ಹಿಡಿದಾಗ ಅಧ್ಯಕ್ಷ ಹಣ್ಣಿನ ಬುಟ್ಟಿ ಹಿಡಿದು ಬಂದ. ಆಗ ಅವನಿನ್ನೂ ಅಧ್ಯಕ್ಷನಲ್ಲ, ಕೆಲಸದ ವೀಸಾದಲ್ಲಿ ಬೆಂಗಳೂರಿನಿಂದ ಬಂದು ಇಲ್ಲೇ ನೆಲೆಯಾದ, ನಾಲಿಗೆ ಚುರುಕಾಗಿದ್ದ ಒಬ್ಬ ಮ್ಯಾನೇಜರ್. "ನೀವು ರೆಸ್ಟ್ ತಗೊಳ್ಳಿ ಸಾರ್, ನಾನಿದೀನಲ್ಲ" ಎಂದು ಭವನದ ಕಾಗದಪತ್ರ, ಬೀಗದ ಕೈ ಎಲ್ಲ ತೆಗೆದುಕೊಂಡು ಹೋದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಸ್ಪತ್ರೆಯಿಂದ ಬರುವಾಗ ಒಂದು ದಿನ ನಮ್ಮವರು ಆ ರಸ್ತೆಯಲ್ಲಿ ಕಾರು ನಿಲ್ಲಿಸಲು ಮಗಳಿಗೆ ಹೇಳಿದರು. ಕಟ್ಟಡಕ್ಕೆ ಸ್ಕ್ಯಾಫೋಲ್ಡಿಂಗ್ ಹಾಕಿದ್ದರು. ಗಾಜು ಇಳಿಸಿ ಸುಮ್ಮನೆ ನೋಡಿದರು, ಒಳಗೆ ಕಾಲಿಡುವ ಶಕ್ತಿ ಇರಲಿಲ್ಲ. "ಚೆನ್ನಾಗಾಗ್ತಿದೆ ಅಲ್ವಾ" ಎಂದರು.

ಇದನ್ನೆಲ್ಲ ನಾನು ಹೇಳಿಕೊಂಡದ್ದು ಪಕ್ಕದ ಮನೆಯವರ ಹತ್ತಿರ. ಅವರು ಎಂಬತ್ತು ದಾಟಿದ ಯಹೂದಿ ಹೆಂಗಸು, ಮಕ್ಕಳಿಗೆ ಹೀಬ್ರೂ ಮತ್ತು ತೋರಾ ಕಲಿಸಿ ರಿಟೈರ್ ಆದವರು. ತೋರಾ ಎಂದರೆ ಅವರ ಧರ್ಮಗ್ರಂಥದ ಮೊದಲ ಐದು ಪುಸ್ತಕಗಳು. ಮನಸ್ಸಿನಲ್ಲಿ ನಾನು ಅವರನ್ನು ಟೀಚರಮ್ಮ ಎಂದೇ ಕರೆಯುತ್ತೇನೆ. ನನ್ನ ಹಾಗೇ ಗಂಡ ಹೋದವರು. ನಮ್ಮ ಮನೆಗೆ ಬಂದರೆ ಪೇಪರ್ ಕಪ್ಪಿನಲ್ಲಿ ಹಾಲು ಹಾಕದ ಟೀ, ಸುಲಿಯದ ಕಿತ್ತಳೆ, ಅಷ್ಟೇ. ನಮ್ಮ ಪಾತ್ರೆಯಲ್ಲಿ ಬೇಯಿಸಿದ್ದನ್ನು ಮುಟ್ಟುವುದಿಲ್ಲ. ಮೈಸೂರಿನಲ್ಲಿ ನನ್ನ ಅಜ್ಜಿಯ ಮಡಿ ಕಂಡವಳು ನಾನು, ನನಗೆ ಅದು ಸಹಜವಾಗಿಯೇ ಕಂಡಿತು. ಅವರು ಮಾತಾಡುವುದು ಇಂಗ್ಲಿಷಿನಲ್ಲಿ, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಧ್ಯಕ್ಷನ ಮಾತನ್ನು ಹೇಳಿದಾಗ ಅವರು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದರು. "ಅವನು ಮೋಶೆಯ ಕಥೆಯನ್ನು ಅರ್ಧ ಓದಿದ್ದಾನೆ" ಎಂದರು.

ಮೋಶೆ ಅವರ ಜನರನ್ನು ಗುಲಾಮಗಿರಿಯಿಂದ ಬಿಡಿಸಿ ತಂದ ನಾಯಕ. ಜನ ಚಿನ್ನದ ಕರುವನ್ನು ಮಾಡಿ ಪೂಜಿಸಿದಾಗ ದೇವರಿಗೆ ಸಿಟ್ಟು ಬಂತು: ಇವರನ್ನು ಮುಗಿಸಿ, ನಿನ್ನಿಂದಲೇ ಹೊಸ ಕುಲ ಶುರುಮಾಡುತ್ತೇನೆ ಎಂದ. ಮೋಶೆ ಒಪ್ಪಲಿಲ್ಲ. ಇವರನ್ನು ಕ್ಷಮಿಸು, ಇಲ್ಲವಾದರೆ ನಿನ್ನ ಪುಸ್ತಕದಿಂದ ನನ್ನನ್ನೂ ಅಳಿಸಿಬಿಡು ಎಂದ. ತೋರಾವನ್ನು ವಾರಕ್ಕೊಂದು ಭಾಗದಂತೆ ವರ್ಷವಿಡೀ ಓದುತ್ತಾರೆ. ಅದರಲ್ಲಿ ಒಂದು ವಾರದ ಭಾಗದಲ್ಲಿ, ದೀಪದ ಎಣ್ಣೆಯ ಮಾತು, ಪುರೋಹಿತರ ಉಡುಪಿನ ಮಾತು ಎಲ್ಲ ಇದ್ದರೂ ಮೋಶೆಯ ಹೆಸರಿಲ್ಲ. ಅಳಿಸು ಎಂದನಲ್ಲ, ಅದಕ್ಕೇ ಇಲ್ಲ ಎಂದು ಅವರ ಹಿರಿಯರು ಹೇಳುತ್ತಾರಂತೆ.

"ಹಾಗಾದ್ರೆ ಅಧ್ಯಕ್ಷ ಹೇಳಿದ್ದೇ ಸರಿ ಅಂದ ಹಾಗಾಯ್ತು" ಎಂದೆ. ನನಗೆ ಟೀಚರಮ್ಮನ ಮೇಲೂ ಸಿಟ್ಟು ಬರುವುದರಲ್ಲಿತ್ತು.

"ಒಂದೇ ಒಂದು ವಾರ" ಎಂದರು ಅವರು. "ಉಳಿದ ಪುಸ್ತಕದ ತುಂಬ ಅವನೇ. ಅಳಿಸು ಅನ್ನೋದು ಅವನ ದೊಡ್ಡತನ. ಅಳಿಸದೆ ಇರೋದು ಉಳಿದವರ ಕೆಲಸ. ನನ್ನ ಹೆಸರು ಬೇಡ ಅಂತ ಮನುಷ್ಯ ತನ್ನ ಬಗ್ಗೆ ತಾನು ಹೇಳ್ಬಹುದು. ಅವನ ಪರವಾಗಿ ಇನ್ನೊಬ್ಬ ಹೇಳೋ ಹಾಗಿಲ್ಲ."

ಆಮೇಲೆ, "ಮೋಶೆಯೂ ತನ್ನ ಜನರಿಗೆ ದೇವರು ಕೊಡ್ತೀನಿ ಅಂದಿದ್ದ ನಾಡನ್ನು ದೂರದಿಂದ ನೋಡಿದ್ದಷ್ಟೇ, ಒಳಗೆ ಹೋಗಲಿಲ್ಲ" ಎಂದರು. ಕಾರಿನ ಗಾಜು ಇಳಿಸಿದ ದಿನ ನೆನಪಾಗಿ ನಾನು ಅತ್ತೆ. ಅಳು ಮುಗಿದ ಮೇಲೆ ಸಿಟ್ಟು ಮೊದಲಿಗಿಂತ ಗಟ್ಟಿಯಾಗಿತ್ತು.

ಅಲ್ಲಿಂದ ಹೆಸರಿನ ಮಾತು ನಮ್ಮಿಬ್ಬರಿಗೂ ಹಿಡಿದುಕೊಂಡಿತು. ಟೀಚರಮ್ಮ ದೇವರ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಹಾಶೆಮ್ ಎನ್ನುತ್ತಾರೆ, ಆ ಹೆಸರು ಎಂದಷ್ಟೇ ಅದರ ಅರ್ಥ. ಉರಿಯುವ ಪೊದೆಯೊಳಗಿಂದ ಮಾತಾಡಿದ ದೇವರಿಗೆ ಮೋಶೆ, ಜನ ನಿನ್ನ ಹೆಸರು ಕೇಳಿದರೆ ಏನು ಹೇಳಲಿ ಎಂದಾಗ, ನಾನು ಇರುವವನಾಗಿ ಇರುತ್ತೇನೆ ಎಂದು ಉತ್ತರ ಬಂತಂತೆ. ಇದೆಂಥ ಉತ್ತರ, ಕೇಳಿದ್ದೊಂದು ಹೇಳಿದ್ದೊಂದು ಎಂದು ನಾನು ನಕ್ಕೆ. "ಕಷ್ಟದಲ್ಲಿ ನಿಮ್ಮ ಜೊತೆ ಇರ್ತೀನಿ ಅಂತ ನಮ್ಮ ಹಿರಿಯರು ಅರ್ಥ ಮಾಡ್ತಾರೆ. ಅವನು ಕೊಟ್ಟದ್ದು ಹೆಸರಲ್ಲ, ಮಾತು" ಎಂದರು. ಚಳಿಯಲ್ಲಿ ಚರ್ಚ್ ಹಾಲಿನ ಹೀಟರ್ ಕೆಟ್ಟಾಗ ಮಕ್ಕಳಿಗೆ ತಮ್ಮ ಕೋಟು ಹೊದಿಸಿ ತಾವು ಸ್ವೆಟರಿನಲ್ಲೇ ಪಾಠ ಮಾಡಿದ ಮನುಷ್ಯನನ್ನು ನಾನು ನೆನೆದೆ. ಅಧ್ಯಕ್ಷನನ್ನೂ ನೆನೆದೆ, ಬೇರೆ ಥರ.

ಮಾರ್ಚ್ ತಿಂಗಳಲ್ಲಿ ಅವರದೊಂದು ಹಬ್ಬ. ತಮ್ಮ ಕುಲವನ್ನೇ ನಾಶಮಾಡಲು ಹೊರಟಿದ್ದ ಒಬ್ಬ ಮಂತ್ರಿಯ ಕಥೆಯನ್ನು ಅವತ್ತು ಗಟ್ಟಿಯಾಗಿ ಓದುತ್ತಾರೆ. ಅವನ ಹೆಸರು ಬಂದಾಗಲೆಲ್ಲ ಮಕ್ಕಳು ಗಿಲಕಿ ತಿರುಗಿಸಿ ಗಲಾಟೆ ಮಾಡಿ ಅದು ಕೇಳದಂತೆ ಮಾಡುತ್ತಾರೆ. ಟೀಚರಮ್ಮನ ಅಣ್ಣ ಚಿಕ್ಕಂದಿನಲ್ಲಿ ಶೂವಿನ ಅಡಿಗೆ ಸೀಮೆಸುಣ್ಣದಿಂದ ಆ ಹೆಸರನ್ನು ಬರೆದುಕೊಂಡು, ಅಳಿಸಿಹೋಗುವ ತನಕ ನೆಲಕ್ಕೆ ಬಡಿಯುತ್ತಿದ್ದನಂತೆ. "ವಿಚಿತ್ರ ಗೊತ್ತಾ? ಆ ಪುಸ್ತಕದ ತುಂಬ ಆ ದುಷ್ಟನ ಹೆಸರಿದೆ. ಕಾಪಾಡಿದ ದೇವರ ಹೆಸರು ಹುಡುಕಿದರೂ ಸಿಗಲ್ಲ" ಎಂದರು.

ಅವರು ಅದನ್ನು ದೇವರ ಬಗ್ಗೆ ಹೇಳಿದ್ದು. ನನ್ನ ಕಿವಿಗೆ ಬಿದ್ದದ್ದು ಶೂ ಮಾತ್ರ.

ಆ ತಿಂಗಳ ಕಮಿಟಿ ಮೀಟಿಂಗಿನಲ್ಲಿ ಅಧ್ಯಕ್ಷನ ಹೆಸರಿನ ಫಲಕದ ಪ್ರಸ್ತಾಪ ಬಂತು. ಸತ್ತವರ ಹೆಂಡತಿ ಎಂಬ ದಾಕ್ಷಿಣ್ಯಕ್ಕೆ ನನ್ನನ್ನೂ ಕಮಿಟಿಯಲ್ಲಿ ಕೂರಿಸಿದ್ದರು. ಬಾಗಿಲ ಪಕ್ಕದ ಗೋಡೆಗೆ ಹಿತ್ತಾಳೆಯ ಫಲಕ, ಅದರಲ್ಲಿ 'ಸ್ಥಾಪಕ ಅಧ್ಯಕ್ಷರು' ಎಂದು ಅವನ ಹೆಸರು. ಸ್ಥಾಪಕ ಎಂಬ ಮಾತು ಕೇಳಿ ನನಗೆ ಮೈ ಉರಿದುಹೋಯಿತು. ಕಮಿಟಿಯ ಹುಡುಗರು ಕೆಲವರು ಮುಖ ಕೆಳಗೆ ಹಾಕಿದರು.

ನಾನು ಎದ್ದು ನಿಂತು ಜೇನಿನಂಥ ದನಿಯಲ್ಲಿ ಹೇಳಿದೆ: "ಗೋಡೆಗೆ ಯಾಕೆ? ನಮ್ಮ ಕಡೆ ದೇವಸ್ಥಾನಗಳಲ್ಲಿ ದೊಡ್ಡ ದಾನಿಗಳು ಮೆಟ್ಟಿಲ ಕಲ್ಲಿಗೇ ಹೆಸರು ಕೆತ್ತಿಸ್ತಿದ್ರು. ಬರೋರ ಪಾದಧೂಳಿ ನಮ್ಮ ಮೇಲೆ ಬೀಳ್ಲಿ ಅಂತ. ಅಧ್ಯಕ್ಷರ ವಿನಯಕ್ಕೆ ಅದೇ ಸರಿ. ಸ್ಥಾಪಕ ಗೀಪಕ ಏನೂ ಬೇಡ, ಬರೀ ಹೆಸರು."

ಕೋಣೆಯಲ್ಲಿದ್ದವರೆಲ್ಲ ತಲೆದೂಗಿದರು. ಬೇಡ ಎಂದರೆ ಅಹಂಕಾರಿ ಅನ್ನಿಸಿಕೊಳ್ಳಬೇಕು. ಅವನಿಗೆ ಬೇಡ ಅನ್ನುವ ಮನಸ್ಸೂ ಇರಲಿಲ್ಲ ಅನ್ನಿ, ವಿನಯ ಎಂಬ ಮಾತಿಗೇ ಉಬ್ಬಿಹೋಗಿದ್ದ. "ಎಂಥ ಐಡಿಯಾ ಕೊಟ್ರಿ ಮೇಡಂ" ಎಂದು ಕೈ ಮುಗಿದ.

ಸಮಾಧಿಕಲ್ಲು ಕೆತ್ತುವ ಒಬ್ಬ ಇಂಗ್ಲಿಷಿನವನಿಗೆ ಕೆಲಸ ಒಪ್ಪಿಸಿದೆವು. ಅವನಿಗೆ ಕನ್ನಡದ ಒತ್ತು, ಕೊಂಬು, ದೀರ್ಘ ಎಲ್ಲಿಂದ ಗೊತ್ತಿರಬೇಕು. ಅಕ್ಷರಗಳನ್ನು ದೊಡ್ಡದಾಗಿ ಬರೆದು, ಕತ್ತರಿಸಿ, ಕಲ್ಲಿನ ಮೇಲೆ ಅಂಟಿಸಿಕೊಟ್ಟವಳು ನಾನೇ. ಡೈನಿಂಗ್ ಟೇಬಲ್ ಮೇಲೆ ವಾರಗಟ್ಟಲೆ ಅವನ ಹೆಸರು ಹರಡಿಕೊಂಡಿತ್ತು. ಗುಂಡಗಿನ ಅಕ್ಷರ ಸರಿಯಾಗಿ ಬರಲಿಲ್ಲವೆಂದು ಹರಿದು ಹಾಕಿ ಮತ್ತೆ ಬರೆದೆ. ಅಂದವಾಗಿದ್ದರೆ ತುಳಿಯುವಾಗಲೂ ಅಂದ ಎಂದುಕೊಂಡೆ. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಆ ಕಲ್ಲಿನ ಮೇಲೆ ಬೀಳಲಿರುವ ಹೆಜ್ಜೆಗಳನ್ನೇ ನೆನೆದು ಸುಖಪಡುತ್ತಿದ್ದೆ: ಕೆಸರು ಮೆತ್ತಿದ ಬೂಟು, ಮಕ್ಕಳನ್ನು ಕೂರಿಸಿ ತಳ್ಳುವ ಪುಶ್‌ಚೇರಿನ ಗಾಲಿ, ಒದ್ದೆ ಛತ್ರಿಯ ನೀರು.

ಕಲ್ಲು ಕೂರಿಸಿದ ಮೊದಲ ಶನಿವಾರ ನಾನು ಎಲ್ಲರಿಗಿಂತ ಮುಂಚೆ ಹೋಗಿ ಬಾಗಿಲ ಒಳಗೆ ಕುರ್ಚಿ ಹಾಕಿಕೊಂಡು ಕೂತೆ. ಕಪ್ಪು ಗ್ರಾನೈಟಿನಲ್ಲಿ ಬಿಳಿ ಬಣ್ಣ ತುಂಬಿದ ಅಕ್ಷರಗಳು. ಮೊದಲು ಬಂದದ್ದು ಒಂದು ಧಾರವಾಡದ ಸಂಸಾರ. ಗಂಡಹೆಂಡತಿ ಇಬ್ಬರೂ ಆಸ್ಪತ್ರೆಯಲ್ಲಿ ಡಾಕ್ಟರು, ಜೊತೆಗೆ ಅವರ ಪುಟ್ಟ ಮಗಳು ಮತ್ತು ವಿಸಿಟರ್ ವೀಸಾದಲ್ಲಿ ಬಂದಿದ್ದ ಅತ್ತೆ. ಮೊಮ್ಮಗಳು ಇನ್ನೇನು ಕಾಲಿಡಬೇಕು, ಅಜ್ಜಿ ಅವಳ ತೋಳು ಹಿಡಿದು ಹಿಂದಕ್ಕೆಳೆದರು.

"ನಿಂದ್ರವಾ. ಅಕ್ಷರ ಅದಾವು. ಸರಸ್ವತಿನ್ನ ತುಳೀತಾರೇನು?"

ಅಜ್ಜಿ ಬಗ್ಗಿ, ಅಧ್ಯಕ್ಷನ ಹೆಸರನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡರು. ಸೀರೆಯ ನೆರಿಗೆ ಎತ್ತಿ ಕಲ್ಲನ್ನು ದಾಟಿ ಒಳಗೆ ಬಂದರು. ಹಿಂದೆ ಬಂದ ಮಗ ಸೊಸೆಯೂ ದಾಟಿದರು. ಅದನ್ನು ನೋಡಿ ಅವರ ಹಿಂದಿನವರೂ ದಾಟಿದರು. ಕೆಲವೇ ವಾರಗಳಲ್ಲಿ ಅದೊಂದು ಪದ್ಧತಿಯಾಯಿತು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು ಕೂಡ ಅಕ್ಷರ ಮುಟ್ಟಿ ಕಣ್ಣಿಗೊತ್ತಿಕೊಂಡು ಟಣ್ಣನೆ ಹಾರಿ ಒಳಗೆ ಬರತೊಡಗಿದರು.

ನನ್ನ ಲೆಕ್ಕಾಚಾರ ಎಲ್ಲಿ ತಪ್ಪಿತು ಎಂದು ಆಮೇಲೆ ಹೊಳೆಯಿತು. ಊರಿನಲ್ಲಿ ಕನ್ನಡ ಬಸ್ಸಿನ ಮೇಲೂ ಇದೆ, ಕಸದ ಲಾರಿಯ ಮೇಲೂ ಇದೆ, ಯಾರೂ ಕೈ ಮುಗಿಯುವುದಿಲ್ಲ. ದೇವಸ್ಥಾನದ ಮೆಟ್ಟಿಲ ಹೆಸರುಗಳು ಓದಲಾಗದಷ್ಟು ಸವೆದಿವೆ. ಇಲ್ಲಿ ಹಾಗಲ್ಲ. ಲಂಡನ್ನಿನ ಬೀದಿಯಲ್ಲಿ ಕಲ್ಲಿನ ಮೇಲೆ ಕನ್ನಡ ಕಂಡದ್ದೇ ನಮ್ಮ ಜನರಿಗೆ ಮೊದಲು. ಯಾರ ಹೆಸರು ಎಂದು ಅವರು ಓದಲೇ ಇಲ್ಲ. ಅಕ್ಷರಕ್ಕೆ ಕೈ ಮುಗಿದರು, ಪುಣ್ಯ ಅವನಿಗೆ ಹೋಯಿತು. ಅಧ್ಯಕ್ಷ ಬಾಗಿಲಲ್ಲಿ ನಿಂತು, ಜನ ಬಗ್ಗುವುದನ್ನು ನೋಡಿ ನೋಡಿ ಹಿಗ್ಗಿನಿಂದ ಕೆಂಪಗಾಗುತ್ತಿದ್ದ.

ಟೀಚರಮ್ಮನಿಗೆ ಹೇಳಿದೆ. ಅವರು ಕೆಮ್ಮು ಬರುವ ತನಕ ನಕ್ಕರು. ನನಗೆ ನಗು ಬರಲಿಲ್ಲ.

"ನಮ್ಮಪ್ಪ ತೋರಾ ನಕಲು ಮಾಡೋ ಲಿಪಿಕಾರರು" ಎಂದರು ನಗು ನಿಂತ ಮೇಲೆ. "ಹಕ್ಕಿ ಗರಿಯ ಹೊಸ ಲೇಖನಿ ಕೆತ್ತಿದಾಗ ಮೊದಲು ಒಂದು ಚೂರು ಚರ್ಮದ ಮೇಲೆ ನಮ್ಮ ಹಳೇ ಶತ್ರುಕುಲದ ಹೆಸರು ಬರೆದು, ಅದರ ಮೇಲೆ ಗೀಟು ಎಳೀತಿದ್ರು. ಅದನ್ನು ಅಳಿಸಬೇಕು ಅಂತ ನಮಗೆ ಆಜ್ಞೆ. ಅಪ್ಪ, ಗರಿ ಚೆನ್ನಾಗಿದೆಯೋ ಇಲ್ವೋ ನೋಡೋಕೆ ಯಾಕೆ ಅವರ ಹೆಸರೇ ಅಂತ ಕೇಳಿದ್ದೆ. ಅಳಿಸಬೇಕಾದ್ರೆ ಮೊದಲು ಬರೀಬೇಕಲ್ಲ ಮಗು, ಅದೇ ಕಷ್ಟ ಅಂದ್ರು. ಜೀವಮಾನವೆಲ್ಲ ಎಷ್ಟು ಸಲ ಬರೆದರೋ ಆ ಹೆಸರನ್ನ."

ಆಮೇಲೆ ಸಂಧಾನದ ದನಿಯಲ್ಲಿ ಇನ್ನೊಂದನ್ನು ಹೇಳಿದರು. ಗಂಡನಿಗೆ ಹೆಂಡತಿಯ ಮೇಲೆ ಅನುಮಾನ ಬಂದಾಗ ಹಿಂದಿನ ಕಾಲದಲ್ಲಿ ದೇವರ ಹೆಸರನ್ನೇ ಬರೆದು ನೀರಿನಲ್ಲಿ ತೊಳೆದು ಆ ನೀರನ್ನು ಅವಳಿಗೆ ಕುಡಿಸುತ್ತಿದ್ದರಂತೆ, ಅನುಮಾನ ತೀರಿ ಇಬ್ಬರ ನಡುವೆ ಶಾಂತಿಯಾಗಲಿ ಎಂದು. ದೇವರೇ ತನ್ನ ಹೆಸರು ಅಳಿಸಿದರೂ ಸರಿ ಎಂದಿರುವಾಗ ನಾವೇಕೆ ಹಟ ಹಿಡಿಯಬೇಕು ಎಂದು ಅವರ ಮಾತು.

"ನಾನೇನು ಅವನ ಜೊತೆ ಸಂಸಾರ ಮಾಡ್ಬೇಕಾ?" ಎಂದೆ. ಅವರು ಕೈ ಚೆಲ್ಲಿದರು.

ಮುಂದಿನ ಶನಿವಾರ ಹೋದಾಗ ಒಂದನ್ನು ಗಮನಿಸಿದೆ. ಎಲ್ಲರೂ ದಾಟುತ್ತಿದ್ದ ಆ ಕಲ್ಲಿನ ಮೇಲೆ ಒಬ್ಬನು ಮಾತ್ರ ಎರಡೂ ಕಾಲೂರಿ ನಿಂತಿದ್ದ. ಬಂದವರನ್ನು ಸ್ವಾಗತಿಸುವ ಭರದಲ್ಲಿ ಅಧ್ಯಕ್ಷ ಹೊಳೆಯುವ ಶೂ ಹಾಕಿಕೊಂಡು ತನ್ನ ಹೆಸರನ್ನು ತಾನೇ ತುಳಿಯುತ್ತಿದ್ದ. ತಾಯಂದಿರು ಮಕ್ಕಳನ್ನು ಅವನ ಪಕ್ಕದಿಂದ ತೂರಿಸಿ ಒಳಗೆ ಕಳಿಸುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ.

"ಅಕ್ಷರದ ಮೇಲೆ ನಿಂತಿದ್ದೀರಿ" ಎಂದೆ.

"ನಂದೇ ಹೆಸರು ತಾನೇ ಮೇಡಂ, ನಾನು ನಿಂತ್ರೆ ಏನಾಗುತ್ತೆ?" ಎಂದು ನಕ್ಕ.

"ಏನೂ ಆಗಲ್ಲ. ಎಲ್ಲರೂ ತುಳೀಲಿ ಅಂತ್ಲೇ ನಾನು ಅಲ್ಲಿ ಹಾಕ್ಸಿದ್ದು. ಪಾದಧೂಳಿಗಲ್ಲ. ಕಾಲಡಿ ಇರ್ಲಿ ಅಂತ. ನೀವೊಬ್ರಾದ್ರೂ ತುಳಿದ್ರಲ್ಲ, ಸಂತೋಷ."

ನಾನು ದನಿ ಏರಿಸಲಿಲ್ಲ. ಹಿಂದೆ ನಿಂತ ತಾಯಂದಿರಿಗೆ ಕೇಳುವಷ್ಟು ಮಾತ್ರ ಇತ್ತು. ಅವನು ಕೆಳಗೆ ನೋಡಿದ, ಒಂದು ಕಾಲು ಎತ್ತಿದ, ಎಲ್ಲಿಡುವುದೆಂದು ತಿಳಿಯದೆ ಗೋಡೆ ಹಿಡಿದುಕೊಂಡು ಪಕ್ಕಕ್ಕೆ ಸರಿದ. ಅವನ ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ತುಂಬ ನೋಡಿದೆ. ಇಂಥ ಸುಖ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ.

"ಸಾರ್ ಇದ್ದಿದ್ರೆ ಹೀಗೆ ಮಾಡ್ತಿರ್ಲಿಲ್ಲ" ಎಂದ, ಮೆಲ್ಲಗೆ.

ನಿಜ. ಮಾಡುತ್ತಿರಲಿಲ್ಲ. ಛೇ, ಬಿಡೇ ಎನ್ನುತ್ತಿದ್ದರು. ಆದರೆ ಅದನ್ನು ಇವನ ಬಾಯಲ್ಲಿ ಕೇಳಿ ನನಗೆ ತಡೆಯಲಾಗಲಿಲ್ಲ.

"ಯಾವ ಸಾರ್? ಸಾರ್‌ಗೆ ಹೆಸರಿಲ್ವಾ?" ಎಂದೆ.

ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಈ ದೇಶಕ್ಕೆ ಬಂದ ಮೇಲೂ ನಾನು ಹೇಳಿದವಳಲ್ಲ. ಜಿಪಿ ಡಾಕ್ಟರ ರಿಸೆಪ್ಷನ್ನಿನಲ್ಲಿ ಕೇಳಿದರೆ ಅವರ ಕಾರ್ಡನ್ನು ಮುಂದೆ ತಳ್ಳುತ್ತಿದ್ದೆ. ಆಸ್ಪತ್ರೆಯ ಕೊನೆಯ ದಿನ ನರ್ಸ್ ಕೇಳಿದಾಗಲೂ ಮಗಳೇ ಹೇಳಿದಳು, ನಾನು ಅವರ ಕೈ ಹಿಡಿದು ಸುಮ್ಮನೆ ಕೂತಿದ್ದೆ. ಅವತ್ತು ಆ ಬಾಗಿಲಲ್ಲಿ ನಿಂತು ಹೇಳಿದೆ. ತಂದೆಯ ಹೆಸರು, ಊರಿನ ಹೆಸರು ಎಲ್ಲ ಸೇರಿಸಿ ಪೂರ್ತಿಯಾಗಿ, ಒಳಗಿನ ತರಗತಿಗೂ ಕೇಳುವಂತೆ ಹೇಳಿದೆ. ನಾಲಿಗೆಗೆ ಅಭ್ಯಾಸವಿಲ್ಲದೆ ಮೊದಲ ಅಕ್ಷರದಲ್ಲೇ ತೊಡರಿದೆ.

ಪುಶ್‌ಚೇರ್ ಹಿಡಿದು ನಿಂತಿದ್ದ ಒಬ್ಬಳು ಚಿಕ್ಕ ವಯಸ್ಸಿನ ತಾಯಿ, ಈಚೆಗಷ್ಟೇ ಬೆಂಗಳೂರಿನಿಂದ ಬಂದವಳು, ಪಾಪ ಏನೂ ತಿಳಿಯದೆ ಕೇಳಿದಳು: "ಅವರು ಯಾರು ಆಂಟಿ?"

ಭವನದ ಬಾಗಿಲಲ್ಲಿ ನಿಂತು ಅವಳು ಕೇಳಿದ್ದು. ಇಷ್ಟು ತಿಂಗಳು ನಾನು ಕೂತು ಬರೆದದ್ದು, ತಿದ್ದಿದ್ದು, ಕಲ್ಲಿಗೆ ಹತ್ತಿಸಿದ್ದು ಎಲ್ಲ ಇವನ ಹೆಸರನ್ನು. ನಮ್ಮವರ ವಿಷಯವನ್ನು ಇಲ್ಲಿ ಒಬ್ಬರಿಗೂ ಹೇಳಿರಲಿಲ್ಲ.

"ಹೇಳ್ತೀನಿ ಬಾಮ್ಮ" ಎಂದೆ. ಇನ್ನೂ ಕೆಲವರು ಹತ್ತಿರ ಬಂದರು. ಅಧ್ಯಕ್ಷ ಮೆಲ್ಲನೆ ಒಳಗೆ ಜಾರಲು ನೋಡಿದ.

"ನೀವೂ ನಿಲ್ಲಿ. ನಿಮಗೆ ಗೊತ್ತಿರೋದೇ. ಎಲ್ಲಾದ್ರೂ ತಪ್ಪಿದ್ರೆ ತಿದ್ದಿ" ಎಂದೆ.

ಅಷ್ಟು ಜನರ ಮುಂದೆ ಹೋಗುವ ಧೈರ್ಯ ಅವನಿಗಾಗಲಿಲ್ಲ. ಕಲ್ಲನ್ನು ಬಿಟ್ಟು, ಗೋಡೆಗೆ ಒತ್ತಿಕೊಂಡು ನಿಂತ. ನಾನು ಫ್ರಂಟ್ ರೂಮಿನಿಂದ ಶುರುಮಾಡಿದೆ. ಬೇಗ ಮುಗಿಸಲಿಲ್ಲ.